ದೇವರ ಹೆಂಡತಿ, ನಾಡಿನ ದೊರೆ

1829ರಲ್ಲಿ ಫ್ರಾನ್ಸಿನ ಶಾಂಪೋಲಿಯೋ ಈಜಿಪ್ಟಿನ ದೇರ್ ಎಲ್-ಬಹ್ರಿಯ ಹಾಳುಗುಡಿಯಲ್ಲಿ ಗೋಡೆಬರಹ ಓದುತ್ತ ನಿಂತಿದ್ದ. ಹಳೆಯ ಈಜಿಪ್ಟಿನ ಚಿತ್ರಲಿಪಿ ಓದುವ ದಾರಿ ಅವನಿಗೆ ಹೊಳೆದು ಆಗಿನ್ನೂ ಏಳು ವರ್ಷ. ಎದುರಿನ ಚಿತ್ರದಲ್ಲಿ ಗೊಂದಲವೇನೂ ಇರಲಿಲ್ಲ: ಗಲ್ಲಕ್ಕೆ ಗಡ್ಡ ಕಟ್ಟಿ, ಸೊಂಟಕ್ಕೆ ರಾಜರ ತುಂಡುಬಟ್ಟೆ ಸುತ್ತಿದ ಒಬ್ಬ ದೊರೆ. ಗೊಂದಲ ಇದ್ದದ್ದು ಪಕ್ಕದ ಬರಹದಲ್ಲಿ. ಆ ದೊರೆಗೆ ಸಂಬಂಧಿಸಿದ ನಾಮಪದ, ಕ್ರಿಯಾಪದಗಳೆಲ್ಲ ಸ್ತ್ರೀಲಿಂಗದಲ್ಲಿದ್ದವು. "ಮಹಾರಾಜ ದಯಮಾಡಿಸಿದಳು, ಗುಡಿ ಕಟ್ಟಿಸಿದಳು" ಅಂತ ಓದಿದ ಹಾಗೆ. ತನಗಾದ ಸೋಜಿಗವನ್ನು ಆತ ಬರೆದೂ ಇಟ್ಟ.

ಕನ್ನಡದವರಿಗೆ ಈ ಇಕ್ಕಟ್ಟು ಬೇಗ ಅರ್ಥವಾದೀತು. ನಮ್ಮ ವಾಕ್ಯವೂ ಗಂಡೋ ಹೆಣ್ಣೋ ಹೇಳಿಯೇ ಮುಗಿಯಬೇಕು. ಆದರೂ ನಮಗೆ "ದೊರೆಗಳು ಬಂದರು" ಅನ್ನುವ ಒಂದು ಮರೆ ಇದೆ. ಗೌರವದ ಬಹುವಚನದ ಹಿಂದೆ ಲಿಂಗ ಅಡಗಿ ಕೂರುತ್ತದೆ. ಈಜಿಪ್ಟಿನ ಲಿಪಿಕಾರನಿಗೆ ಆ ಅನುಕೂಲ ಇರಲಿಲ್ಲ. ಮೇಲಾಗಿ, ಆಳುವ ಹೆಂಗಸಿಗೆ ಅಲ್ಲಿ ಬೇರೆ ಪದವೇ ಇರಲಿಲ್ಲ. ನಾವು "ರಾಣಿ" ಎಂದು ಕನ್ನಡಕ್ಕೆ ತರುವ ಪದದ ಅರ್ಥ "ರಾಜನ ಹೆಂಡತಿ", ಅಷ್ಟೇ. ನಮ್ಮ "ದೊರೆಸಾನಿ" ಇದ್ದ ಹಾಗೆ. ಗಂಡ ಸತ್ತ ಮೇಲೆ ತಾನೇ ಆಳುವ ಹೆಂಗಸನ್ನು ಏನೆಂದು ಕರೆಯುವುದು? ರಾಜ ಎಂದೇ ಕರೆಯಬೇಕು, ಆಮೇಲೆ ವ್ಯಾಕರಣದ ಜೊತೆ ಗುದ್ದಾಡಬೇಕು.

ಆ ದೊರೆಯ ಹೆಸರು ಹತ್ಶೆಪ್ಸುತ್. ಕ್ರಿ.ಪೂ. 1479ರಿಂದ 1458ರವರೆಗೆ, ಅಂದರೆ ಹೆಚ್ಚುಕಡಿಮೆ 21 ವರ್ಷ, ಈಜಿಪ್ಟಿನ ಆಡಳಿತ ಆಕೆಯ ಕೈಯಲ್ಲಿತ್ತು. ಆಕೆಯ ಕತೆ ಹೇಳುವವರು ಸಾಮಾನ್ಯವಾಗಿ ಎರಡು ಪಂಗಡ. ಒಬ್ಬರಿಗೆ ಆಕೆ ಛಲಗಾತಿ, ಇನ್ನೊಬ್ಬರಿಗೆ ಹೊಂಚುಗಾತಿ. ನನಗೆ ಎರಡೂ ಸೋಮಾರಿ ಉತ್ತರ ಅನಿಸುತ್ತವೆ. ಮೂರೂವರೆ ಸಾವಿರ ವರ್ಷದ ಹಿಂದಿನ ಹೆಂಗಸಿನ ಮನಸ್ಸು ಕಲ್ಲಿನಲ್ಲಿ ಸಿಗುವುದಿಲ್ಲ. ಸಿಗುವುದು ಪದವಿ, ಜಮೀನು, ಕಣಜ, ನೌಕರರ ಹೆಸರು. ಅಧಿಕಾರ ಬಂದ ದಾರಿ ಅಲ್ಲೇ ಇದೆ.

ಕಣಜದ ಕೀಲಿಕೈ

ಆಕೆಗಿಂತ ಕೆಲವು ತಲೆಮಾರು ಹಿಂದೆ ಈಜಿಪ್ಟಿನ ಉತ್ತರ ಭಾಗ ಹೈಕ್ಸೋಸ್ ಎಂಬ ಹೊರಗಿನ ಅರಸರ ವಶದಲ್ಲಿತ್ತು. ಥೀಬ್ಸ್ ನಗರದ ಮನೆತನವೊಂದು ಅವರೊಡನೆ ಕಾದಾಡಿ, ಕ್ರಿ.ಪೂ. 1550ರ ಆಸುಪಾಸಿನಲ್ಲಿ ಪಟ್ಟಕ್ಕೆ ಬಂದ ಅಹ್ಮೋಸೆಯ ಕಾಲದಲ್ಲಿ ಅವರನ್ನು ಹೊರಗಟ್ಟಿತು. ಗಂಡಸರು ದಂಡಿನಲ್ಲಿ ಇದ್ದಾಗ, ಕೆಲವರು ಅಲ್ಲೇ ಸತ್ತಾಗ, ಮನೆ ನೋಡಿಕೊಂಡವರು ಹೆಂಗಸರು. ಇಲ್ಲಿ ಮನೆ ಅಂದರೆ ಅರಮನೆ. ಅಹ್ಮೋಸೆ ತನ್ನ ತಾಯಿ ಅಹ್ಹೋತೆಪ್ ಬಗ್ಗೆ ಕಾರ್ನಾಕ್ ಗುಡಿಯಲ್ಲಿ ಹಾಕಿಸಿದ ಶಾಸನ, ಆಕೆ ಸೈನಿಕರ ಯೋಗಕ್ಷೇಮ ನೋಡಿದಳು, ಓಡಿಹೋದವರನ್ನು ಮರಳಿ ಕರೆತಂದಳು, ದಂಗೆ ಅಡಗಿಸಿದಳು ಎಂದು ಹೊಗಳುತ್ತದೆ. ಇದು ತಾಯಿಯ ಮಮತೆಯ ವರ್ಣನೆಯಲ್ಲ, ದಂಡನಾಯಕನ ಕೆಲಸದ ಪಟ್ಟಿ.

ಅದೇ ಅಹ್ಮೋಸೆ ತನ್ನ ಹೆಂಡತಿ ನೆಫೆರ್ತಾರಿಗೆ ಅಮುನ್ ದೇವರ ಗುಡಿಯಲ್ಲಿ ಒಂದು ಅರ್ಚಕ ಪದವಿಯನ್ನೂ ಅದಕ್ಕೆ ಸೇರಿದ ಸ್ವತ್ತನ್ನೂ ವಂಶಪಾರಂಪರ್ಯವಾಗಿ ಬರೆದುಕೊಟ್ಟ. ಆ ದತ್ತಿಯ ಕಲ್ಲು ಕಾರ್ನಾಕ್‌ನಲ್ಲಿ ಸಿಕ್ಕಿದೆ. ನಮ್ಮ ಊರುಗಳ ದಾನಶಾಸನ ಓದಿದವರಿಗೆ ಅದರ ಧಾಟಿ ಪರಿಚಿತ: ಇಷ್ಟು ಕೊಟ್ಟಿದ್ದೇನೆ, ಮುಂದೆ ಬರುವ ಯಾರೂ ತಕರಾರು ಮಾಡಕೂಡದು. ಈ ದತ್ತಿಯ ಸುತ್ತ ಬೆಳೆದ ಪದವಿಯ ಹೆಸರು "ಅಮುನ್ ದೇವರ ಹೆಂಡತಿ".

ಹೆಸರು ಕೇಳಿ ಇದು ಬರೀ ಅಲಂಕಾರದ ಬಿರುದು ಅಂದುಕೊಳ್ಳಬಾರದು. ಅರ್ಚಕರ ಜೊತೆ ಗುಡಿಯ ಕೊಳದಲ್ಲಿ ಮಿಂದು ಗರ್ಭಗುಡಿಯ ಕಡೆ ನಡೆಯುವ, ನಾಡಿನ ಶತ್ರುಗಳ ಚಿತ್ರವನ್ನು ಬೆಂಕಿಗೆ ಒಡ್ಡಿ ಸುಡುವ ವಿಧಿಗಳು ಆಕೆಯವು. ಅದಕ್ಕಿಂತ ಮುಖ್ಯವಾಗಿ, ಆಕೆಗೆ ಸ್ವಂತ ಹೊಲಗದ್ದೆ, ಸ್ವಂತ ಕಣಜ, ಲೆಕ್ಕ ಬರೆಯುವ ಕರಣಿಕರು, ಇಡೀ ಆಸ್ತಿ ನೋಡಿಕೊಳ್ಳುವ ಒಬ್ಬ ಪಾರುಪತ್ತೇದಾರ ಇದ್ದರು. ಜಾತ್ರೆಯಲ್ಲಿ ಮೊದಲ ಆರತಿ ಹಿಡಿಯುವ ಮರ್ಯಾದೆ ಒಂದು, ಗುಡಿಯ ಕಣಜದ ಕೀಲಿಕೈ ಇನ್ನೊಂದು. ದೇವರ ಹೆಂಡತಿಗೆ ಎರಡೂ ಇತ್ತು. ಪಟ್ಟದರಸಿಯ ಮಾತು ನಡೆಯುವುದು ರಾಜನ ಮರ್ಜಿ ಇರುವ ತನಕ. ಈ ಆದಾಯಕ್ಕೆ ಮಾತ್ರ ಗಂಡನ ಮರ್ಜಿ ಬೇಕಿರಲಿಲ್ಲ.

ಹತ್ಶೆಪ್ಸುತ್ ಈ ಪದವಿಯನ್ನು ಹೊತ್ತುಕೊಂಡೇ ಅರಮನೆಯ ನಡುಮನೆಗೆ ಬಂದವಳು. ಒಂದನೆಯ ತುತ್ಮೋಸ್‌ಗೆ ಪಟ್ಟದರಸಿಯಲ್ಲಿ ಹುಟ್ಟಿದ ಮಗಳು. ಪಟ್ಟ ಸಿಕ್ಕಿದ್ದು ಇನ್ನೊಬ್ಬ ಹೆಂಡತಿಯ ಮಗ ಎರಡನೆಯ ತುತ್ಮೋಸ್‌ಗೆ; ಆ ಮನೆತನದ ರೂಢಿಯಂತೆ ಆತ ಈ ಮಲತಂಗಿಯನ್ನೇ ಮದುವೆಯಾದ. ಇವರಿಗೆ ನೆಫೆರೂರೆ ಎಂಬ ಮಗಳಿದ್ದಳು. ಆತ ಬೇಗ ತೀರಿಕೊಂಡ. ಉಳಿದ ಗಂಡು ಮಗು ಈಸೆತ್ ಎಂಬ ಇನ್ನೊಬ್ಬ ಹೆಂಡತಿಯದು, ಮುಂದೆ ಮೂರನೆಯ ತುತ್ಮೋಸ್ ಆಗಿ ಹೆಸರು ಮಾಡಿದವನು. ಆ ಮಗುವಿಗೆ ಹತ್ಶೆಪ್ಸುತ್ ಮಲತಾಯಿಯೂ ಹೌದು, ಸೋದರತ್ತೆಯೂ ಹೌದು.

ಮಗು ದೊರೆಯಾದಾಗ ದೊಡ್ಡ ಹೆಂಗಸೊಬ್ಬಳು ರಾಜ್ಯ ನೋಡಿಕೊಳ್ಳುವುದು ಅಲ್ಲಿ ಹೊಸದಲ್ಲ. ಯಾರೂ ಹುಬ್ಬೇರಿಸಲಿಲ್ಲ. ಇನೇನಿ ಎಂಬ ಹಿರಿಯ ಅಧಿಕಾರಿ ತನ್ನ ಗೋರಿಯ ಬರಹದಲ್ಲಿ ಇದನ್ನು ತಣ್ಣಗೆ ದಾಖಲಿಸಿದ್ದಾನೆ: ಮಗ ತಂದೆಯ ಜಾಗದಲ್ಲಿ ನಿಂತ, ದೇವರ ಹೆಂಡತಿ ಹತ್ಶೆಪ್ಸುತ್ ನಾಡಿನ ಕಾರ್ಯಭಾರ ನಡೆಸಿದಳು, ಈಜಿಪ್ಟ್ ಆಕೆಗೆ ತಲೆಬಾಗಿ ದುಡಿಯಿತು. ಆತ ಬಳಸಿದ ಬಿರುದು ಗಮನಿಸಿ. ರಾಜಮಾತೆ ಎನ್ನುವ ಹಾಗಿರಲಿಲ್ಲ, ಆಕೆ ಹೆತ್ತಿರಲಿಲ್ಲ. ದೇವರ ಹೆಂಡತಿ ಎಂದ.

ಏಳನೆಯ ವರ್ಷದ ಗಡಿಗೆ

ನೋಡಿಕೊಳ್ಳುವವಳು ರಾಜನೇ ಆಗಿಬಿಟ್ಟದ್ದು ಯಾವಾಗ? ಇದಕ್ಕೆ ಉತ್ತರ ಕೊಟ್ಟದ್ದು ಯಾವ ದೊಡ್ಡ ಶಾಸನವೂ ಅಲ್ಲ, ಮಣ್ಣಿನ ಗಡಿಗೆಗಳು. ಆಕೆಯ ಬಲಗೈಯಂತಿದ್ದ ಸೆನೆನ್‌ಮುತ್ ಎಂಬ ಅಧಿಕಾರಿಯ ತಂದೆತಾಯಿಯ ಗೋರಿ 1936ರಲ್ಲಿ ಕಳ್ಳರು ಮುಟ್ಟದ ಸ್ಥಿತಿಯಲ್ಲಿ ಸಿಕ್ಕಿತು. ಅದರೊಳಗಿನ ಒಂದು ಗಡಿಗೆಯ ಮೇಲೆ "ಏಳನೆಯ ವರ್ಷ" ಎಂದಿತ್ತು. ಇನ್ನೊಂದರ ಮೇಲೆ "ದೇವರ ಹೆಂಡತಿ ಹತ್ಶೆಪ್ಸುತ್" ಎಂಬ ಮುದ್ರೆ. ಮತ್ತೆರಡರ ಮೇಲೆ "ಮಆತ್‌ಕಾರೆ", ಅಂದರೆ ಪಟ್ಟಕ್ಕೆ ಬಂದ ಮೇಲೆ ಆಕೆ ಇಟ್ಟುಕೊಂಡ ರಾಜನಾಮ. ಹಳೆಯ ಸೀಲೂ ಹೊಸ ಸೀಲೂ ಒಂದೇ ಕೋಣೆಯಲ್ಲಿ. ಏಳನೆಯ ವರ್ಷಕ್ಕಾಗಲೇ ಬದಲಾವಣೆ ಆಗಿಹೋಗಿತ್ತು.

ಅಲ್ಲಿ ವರ್ಷ ಎಣಿಸುವುದು ದೊರೆ ಪಟ್ಟಕ್ಕೆ ಬಂದಂದಿನಿಂದ; ಆ ಲೆಕ್ಕ ಯಾರದು ಎನ್ನುವುದು ಇನ್ನೂ ಸ್ವಾರಸ್ಯ. ಅದು ಹುಡುಗನದು. ಹತ್ಶೆಪ್ಸುತ್ ಅವನನ್ನು ಕೆಳಗಿಳಿಸಲಿಲ್ಲ, ಕೊಲ್ಲಿಸಲಿಲ್ಲ, ಹೊಸ ಶಕೆಯನ್ನೂ ಶುರುಮಾಡಲಿಲ್ಲ. ಇಬ್ಬರೂ ರಾಜರೇ. ಚಿತ್ರಗಳಲ್ಲಿ ಇಬ್ಬರೂ ಒಂದೇ ಉಡುಪಿನಲ್ಲಿ ಸಾಲಾಗಿ ನಿಲ್ಲುತ್ತಾರೆ, ಮುಂದೆ ಅತ್ತೆ, ಹಿಂದೆ ಅಳಿಯ. ತಾರೀಖು ಅವನದು, ಸಹಿ ಇವಳದು.

ಹಾಗಾದರೆ ಪಟ್ಟವೇ ಯಾಕೆ ಬೇಕಾಯಿತು? ನನ್ನ ಲೆಕ್ಕ ಸರಳ. ನೋಡಿಕೊಳ್ಳುವ ಅಧಿಕಾರಕ್ಕೆ ಕೊನೆಯ ದಿನಾಂಕ ಇರುತ್ತದೆ: ಹುಡುಗನಿಗೆ ಮೀಸೆ ಬಂದ ದಿನ ಅದು ಮುಗಿಯಿತು. ರಾಜತ್ವಕ್ಕೆ ಕೊನೆ ಸಾವು ಮಾತ್ರ. ಮತ್ತೆ, ರಾಜನಾಗುತ್ತಲೇ ಆಕೆ ದೇವರ ಹೆಂಡತಿಯ ಪದವಿಯನ್ನು ಮಗಳು ನೆಫೆರೂರೆಗೆ ದಾಟಿಸಿದಳು. ಸಿಂಹಾಸನ ತಾಯಿಯ ಬಳಿ, ಗುಡಿಯ ಕಣಜ ಮಗಳ ಬಳಿ.

ಗಡ್ಡದ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಮೊದಮೊದಲಿನ ಪ್ರತಿಮೆಗಳಲ್ಲಿ ಹೆಣ್ಣಿನ ಮೈ, ರಾಜನ ತಲೆವಸ್ತ್ರ. ಆಮೇಲಿನವುಗಳಲ್ಲಿ ಅಗಲವಾದ ಗಂಡಸಿನ ಎದೆ, ಗಡ್ಡ. ಇದನ್ನು ಮಾರುವೇಷ ಅನ್ನುವುದು ತಪ್ಪು. ಪಕ್ಕದ ಬರಹ "ರೇ ದೇವನ ಮಗಳು" ಎಂದು ಸಾರುತ್ತಿರುವಾಗ ಯಾರ ಕಣ್ಣಿಗೆ ಮಣ್ಣೆರಚುವುದು? ಅಷ್ಟಕ್ಕೂ ಆ ಗಡ್ಡ ಗಂಡು ರಾಜರಿಗೂ ದಾರ ಕಟ್ಟಿ ಸಿಕ್ಕಿಸಿದ್ದೇ. ಯಕ್ಷಗಾನದ ಕಿರೀಟದ ಹಾಗೆ, ಅದು ಪಾತ್ರಕ್ಕೆ ಸೇರಿದ್ದು, ಪಾತ್ರಧಾರಿಗಲ್ಲ. ಒಂದು ಕಡೆ ಮಾತ್ರ ಆಕೆ ಪರಂಪರೆ ಬಿಟ್ಟಳು. ಹಿಂದಿನ ತುತ್ಮೋಸರು ತಮ್ಮ ಬಿರುದಿನ ಮೊದಲಿಗೆ "ಬಲಿಷ್ಠ ಗೂಳಿ" ಎಂದು ಹಾಕಿಕೊಳ್ಳುತ್ತಿದ್ದರು. ಹತ್ಶೆಪ್ಸುತ್ ಉಳಿದದ್ದನ್ನೆಲ್ಲ ಇಟ್ಟುಕೊಂಡು ಗೂಳಿಯನ್ನು ಕೈಬಿಟ್ಟಳು.

ಬಿರುದು ಸಾಲದು, ಕತೆಯೂ ಬೇಕು. ದೇರ್ ಎಲ್-ಬಹ್ರಿಯ ಗುಡಿಯ ಒಂದು ಮೊಗಸಾಲೆಯ ಉದ್ದಕ್ಕೂ ಆ ಕತೆ ಕೆತ್ತಿದೆ. ಅಮುನ್ ದೇವರು ಒಂದನೆಯ ತುತ್ಮೋಸ್‌ನ ರೂಪ ತಾಳಿ ರಾಣಿ ಅಹ್ಮೋಸೆಯ (ಹತ್ಶೆಪ್ಸುತ್‌ಳ ತಾಯಿ; ಹಿಂದೆ ಹೇಳಿದ ದೊರೆಯದೂ ಇದೇ ಹೆಸರು) ಕೋಣೆಗೆ ಬರುತ್ತಾನೆ. ದೇವರ ಮೈಯ ಪರಿಮಳಕ್ಕೆ ಆಕೆಗೆ ಎಚ್ಚರವಾಗುತ್ತದೆ. ಮುಂದಿನ ಚಿತ್ರದಲ್ಲಿ ಟಗರಿನ ತಲೆಯ ಖ್ನೂಮ್ ದೇವರು ಕುಂಬಾರನ ತಿಗರಿಯ ಮೇಲೆ ಮಗುವನ್ನೂ ಅದರ ಜೀವದ ಪಡಿಯಚ್ಚನ್ನೂ ತಿದ್ದುತ್ತಿದ್ದಾನೆ. ಹುಟ್ಟಲಿರುವುದು ಹೆಣ್ಣು, ತಿಗರಿಯ ಮೇಲಿರುವುದು ಎರಡು ಗಂಡುಮಕ್ಕಳ ಗೊಂಬೆ. ಕೊನೆಗೆ ತಂದೆ ತುಂಬಿದ ಸಭೆಯಲ್ಲಿ ಮಗಳನ್ನು ಉತ್ತರಾಧಿಕಾರಿ ಎಂದು ಸಾರುತ್ತಾನೆ. ನಡುವೆ ಆಳಿಹೋದ ಗಂಡನ ಸುದ್ದಿಯೇ ಇಲ್ಲ. ಇದನ್ನು ಹಸಿ ಸುಳ್ಳು ಎಂದು ನಗುವ ಮುನ್ನ ಒಂದು ಮಾತು: ಸುಮಾರು ನೂರು ವರ್ಷದ ನಂತರ ಮೂರನೆಯ ಅಮೆನ್‌ಹೋತೆಪ್ ಎಂಬ ಗಂಡು ರಾಜ ಇದೇ ಚಿತ್ರಮಾಲೆಯನ್ನು ಲಕ್ಸರ್ ಗುಡಿಯಲ್ಲಿ ತನ್ನ ಹೆಸರಿಗೆ ಕೆತ್ತಿಸಿಕೊಂಡ.

ದೇವರ ಅಪ್ಪಣೆಯೂ ಆಯಿತು. ಅಮುನ್‌ನ ಉತ್ಸವಮೂರ್ತಿಯನ್ನು ದೋಣಿಯಾಕಾರದ ಪಲ್ಲಕ್ಕಿಯಲ್ಲಿಟ್ಟು ಅರ್ಚಕರು ಹೆಗಲ ಮೇಲೆ ಹೊರುತ್ತಿದ್ದರು. ಅದು ಎತ್ತ ವಾಲಿತು, ಯಾರ ಮುಂದೆ ನಿಂತಿತು ಎನ್ನುವುದೇ ದೇವರ ಮಾತು. ಅಡ್ಡೆಯ ದೇವರ ಮುಂದೆ ಕೈಮುಗಿದು ಅಪ್ಪಣೆ ಕೇಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡ್ಡೆ ಹೊತ್ತ ಹೆಗಲುಗಳು ಯಾರವು ಎಂದು ಮಾತ್ರ ಕೇಳಬೇಕು. ಆಕೆಯ ಕಾಲದಲ್ಲಿ ಅಮುನ್ ಗುಡಿಯ ಪ್ರಧಾನ ಅರ್ಚಕ ಹಪುಸೆನೆಬ್, ಆಕೆಯ ಕಟ್ಟಡಗಳ ಉಸ್ತುವಾರಿಯನ್ನೂ ಹೊತ್ತಿದ್ದ ಆಪ್ತ.

ಅಧಿಕಾರ ಉಳಿದದ್ದು ಇಂಥ ಆಪ್ತರಿಂದ. ಸೆನೆನ್‌ಮುತ್‌ನ ತಂದೆತಾಯಿಯ ಗೋರಿಗೆ ಮತ್ತೆ ಹೋಗೋಣ. ತಾಯಿ ಹತ್ನೋಫರ್‌ಳ ಶವಕ್ಕೆ ಒಳ್ಳೆಯ ಬಟ್ಟೆ ಸುತ್ತಿ, ಚಿನ್ನದ ತಗಡಿನ ಮುಖವಾಡ ತೊಡಿಸಿದೆ. ಪಕ್ಕದಲ್ಲಿ ತಂದೆ ರಾಮೋಸೆ, ಬರೀ ಎಲುಬು. ಆತ ಬಹಳ ಹಿಂದೆಯೇ ಸತ್ತು ಎಲ್ಲೋ ಸಾದಾ ಗುಂಡಿಯಲ್ಲಿ ಹೂತುಹೋಗಿದ್ದವನು. ತಾಯಿ ಸತ್ತಾಗ ಮಗ ಅವನನ್ನೂ ಇನ್ನೂ ಆರು ಜನರನ್ನೂ ಅಗೆದು ತಂದು ಇಲ್ಲಿ ಸೇರಿಸಿದ. ತಂದೆ ಸತ್ತಾಗ ಆ ಮನೆಯಲ್ಲಿ ಏನೂ ಇರಲಿಲ್ಲ, ತಾಯಿ ಸಾಯುವ ಹೊತ್ತಿಗೆ ಚಿನ್ನ ಇತ್ತು. ನಡುವೆ ನಡೆದದ್ದು ಒಂದೇ: ಮಗನಿಗೆ ಹತ್ಶೆಪ್ಸುತ್‌ಳ ಆಸರೆ ಸಿಕ್ಕಿತು. ಅಮುನ್ ಗುಡಿಯ ಆಸ್ತಿಯ ಪಾರುಪತ್ಯ, ರಾಜಕುಮಾರಿ ನೆಫೆರೂರೆಯ ಪೋಷಣೆ ಎರಡೂ ಅವನ ಪಾಲಿಗೆ ಬಂದವು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ಅವನ ಪ್ರತಿಮೆಗಳು ಇಂದಿಗೂ ಇವೆ. ಇಬ್ಬರ ನಡುವೆ ಪ್ರೇಮ ಇತ್ತೇ ಎಂಬ ಹರಟೆ ನೂರು ವರ್ಷದಿಂದ ನಡೆದಿದೆ. ನನಗೆ ಅದು ಬೇಕಿಲ್ಲದ ಮಾತು. ಹಳೆಯ ದೊಡ್ಡ ಮನೆತನದ ಅಧಿಕಾರಿಗೆ ರಾಜ ಬದಲಾದರೂ ಬಾಳುವ ದಾರಿ ಇರುತ್ತದೆ. ಬರಿಗೈಯಿಂದ ಮೇಲೆ ಬಂದವನಿಗೆ ತನ್ನ ದೊರೆ ಬಿದ್ದರೆ ತಾನೂ ಬಿದ್ದ. ನಿಷ್ಠೆಗೆ ಅದಕ್ಕಿಂತ ಗಟ್ಟಿ ಕಾರಣ ಬೇಡ.

ಆಪ್ತರಿಗೆ ಹಂಚಲು ಬರುತ್ತಲೂ ಇರಬೇಕು. ಒಂಬತ್ತನೆಯ ವರ್ಷದಲ್ಲಿ ಪುಂಟ್ ದೇಶಕ್ಕೆ, ಅಂದರೆ ಕೆಂಪು ಸಮುದ್ರದ ದಕ್ಷಿಣದ ಕಡೆಗೆ, ಹಡಗು ಕಳಿಸಿದ್ದು ಆಕೆಯ ಹೆಮ್ಮೆಯ ಕೆಲಸ. ಗುಡಿಯ ಗೋಡೆಯಲ್ಲಿ ಐದು ಹಡಗು ಕಾಣುತ್ತವೆ. ಧೂಪದ ರಾಳ, ಕರಿಮರ, ಆನೆದಂತ, ಚಿನ್ನ, ಹಗ್ಗ ಹಿಡಿದು ಆಡುವ ಬಬೂನ್ ಕೋತಿಗಳು. 31 ಧೂಪದ ಮರಗಳನ್ನು ಬೇರುಸಮೇತ ಬುಟ್ಟಿಯಲ್ಲಿಟ್ಟು ಕೋಲಿಗೆ ಕಟ್ಟಿ ಹೊತ್ತು ತರುತ್ತಿದ್ದಾರೆ. ದೇವರಿಗೆ ಧೂಪ, ಗುಡಿಗೆ ಆದಾಯ, ನೋಡುವ ಜನಕ್ಕೆ ಬೆರಗು.

ಕಾರ್ನಾಕ್‌ನಲ್ಲಿ ಆಕೆ ನಿಲ್ಲಿಸಿದ ಒಂದೇ ಕಲ್ಲಿನ ಸ್ತಂಭ ಇನ್ನೂ ನಿಂತಿದೆ: ಸುಮಾರು 29 ಮೀಟರ್ ಎತ್ತರ, 300 ಟನ್ನಿಗೂ ಮೀರಿದ ತೂಕ. ಬಂಡೆಯಿಂದ ಬಿಡಿಸಲು ಏಳು ತಿಂಗಳು ಹಿಡಿಯಿತು ಎಂದು ಅದರ ಪೀಠದಲ್ಲಿ ಬರೆದಿದೆ. ಅದೇ ಬರಹದಲ್ಲಿ, ಮುಂದಿನ ಕಾಲದವರು ಇದನ್ನು ನೋಡಿ ಏನೆಂದಾರು ಎಂದು ತನ್ನ ಮನಸ್ಸು ಅತ್ತಿತ್ತ ಹೊಯ್ದಾಡುತ್ತದೆ ಎಂಬ ಸಾಲೂ ಇದೆ. ರಾಜಶಾಸನಗಳ ಜಂಬದ ನಡುವೆ ಇಂಥ ಸಾಲು ಅಪರೂಪ.

ಉಳಿ ಬಿದ್ದ ಜಾಗ, ಬೀಳದ ಜಾಗ

ಆಕೆ ತೀರಿಕೊಂಡ ಮೇಲೆ ಮೂರನೆಯ ತುತ್ಮೋಸ್ ಒಬ್ಬನೇ ಆಳಿದ, ಸಿರಿಯಾ ಕಡೆಗೆ ದಂಡೆತ್ತಿ ಹೋಗಿ ದೊಡ್ಡ ಹೆಸರು ಮಾಡಿದ. ಆಮೇಲೆ ಆಕೆಯ ಹೆಸರನ್ನೂ ರೂಪವನ್ನೂ ಗೋಡೆಗಳಿಂದ ಕೆತ್ತಿ ತೆಗೆಸಿದ, ಪ್ರತಿಮೆಗಳನ್ನು ಒಡೆಸಿ ಹಳ್ಳಕ್ಕೆ ಹಾಕಿಸಿದ. 1920ರ ದಶಕದಲ್ಲಿ ಆ ಹಳ್ಳ ಅಗೆದವರು ಚೂರುಗಳನ್ನು ಕಂಡು ಒಂದು ಕತೆ ಹೆಣೆದರು: ಮಲತಾಯಿಯ ಕಾಟಕ್ಕೆ ನೊಂದ ಹುಡುಗ ಕೊನೆಗೂ ಸೇಡು ತೀರಿಸಿಕೊಂಡ. ಮಲತಾಯಿ ಅಂದಕೂಡಲೇ ಕೆಟ್ಟವಳು ಅನ್ನುವುದು ಎಲ್ಲ ದೇಶದ ಅಜ್ಜಿಕತೆಯಲ್ಲೂ ಇರುವುದೇ, ಹಾಗಾಗಿ ಇದು ಬೇಗ ನಿಂತಿತು.

ತಾರೀಖು ನೋಡಿದರೆ ಕತೆ ಕುಸಿಯುತ್ತದೆ. ಅಳಿಸುವ ಕೆಲಸ ಶುರುವಾದದ್ದು ಅವನ 42ನೆಯ ವರ್ಷದ ಸುಮಾರಿಗೆ, ಆಕೆ ಸತ್ತು ಹೆಚ್ಚುಕಡಿಮೆ 20 ವರ್ಷದ ಮೇಲೆ. ಸಿಟ್ಟು ಅಷ್ಟು ದಿನ ಕಾಯುವುದಿಲ್ಲ. ಮುದುಕನಾಗುತ್ತಿದ್ದ ದೊರೆಗೆ ಆಗ ಮಗನಿಗೆ ಪಟ್ಟ ಕಟ್ಟುವ ಚಿಂತೆ. ಆಕೆಯ ಹೆಸರು ತೆಗೆದ ಕಡೆ ಅವನು ಬಹಳ ಸಲ ತನ್ನ ಹೆಸರನ್ನಲ್ಲ, ತಂದೆಯ ಅಥವಾ ಅಜ್ಜನ ಹೆಸರನ್ನು ಹಾಕಿಸಿದ. ಅಜ್ಜ, ಮಗ, ಮೊಮ್ಮಗ, ಮರಿಮಗ: ನಡುವೆ ಅತ್ತೆ ಇಲ್ಲದ ನೇರ ವಂಶಾವಳಿ. ಪ್ರತಿಮೆಗಳ ಬಿರುಕನ್ನು ಮತ್ತೆ ಪರಿಶೀಲಿಸಿ 2025ರಲ್ಲಿ ಬಂದ ಒಂದು ಅಧ್ಯಯನ, ಅನೇಕವು ಕತ್ತು, ಸೊಂಟ, ಮಂಡಿಯ ಬಳಿ ಕ್ರಮವಾಗಿ ಮುರಿದಿವೆ, ಬೇರೆ ರಾಜರ ಪ್ರತಿಮೆಗಳ ಶಕ್ತಿ ಇಳಿಸುವಾಗಲೂ ಹೀಗೆಯೇ ಮಾಡುತ್ತಿದ್ದರು ಎಂದಿತು. ಭಿನ್ನವಾದ ಮೂರ್ತಿಯನ್ನು ನಾವು ನೀರಿಗೆ ಬಿಡುವ ಹಾಗೆ, ಅದಕ್ಕೂ ಒಂದು ವಿಧಿ ಇತ್ತು.

ಎಲ್ಲಕ್ಕಿಂತ ದೊಡ್ಡ ಸುಳಿವು ಉಳಿ ಬೀಳದ ಜಾಗಗಳಲ್ಲಿದೆ. ಹತ್ಶೆಪ್ಸುತ್ ರಾಜನ ಹೆಂಡತಿಯಾಗಿ, ದೇವರ ಹೆಂಡತಿಯಾಗಿ ಇರುವ ಚಿತ್ರಗಳನ್ನು ಅವರು ಮುಟ್ಟಲಿಲ್ಲ. ಕೆತ್ತಿ ತೆಗೆದದ್ದು ರಾಜ ಹತ್ಶೆಪ್ಸುತ್‌ಳನ್ನು ಮಾತ್ರ. ಹೆಂಗಸಿನ ಮೇಲೆ ತಕರಾರಿಲ್ಲ, ಗುಡಿಯ ಪದವಿಯ ಮೇಲೂ ಇಲ್ಲ. ಸಿಂಹಾಸನದ ಲೆಕ್ಕದಲ್ಲಿ ಆಕೆ ಇರಕೂಡದು, ಅಷ್ಟೇ. ಸಿಂಹಾಸನ ತಂದೆಯಿಂದ ಮಗನಿಗೆ ಹೋಗುವ ಸ್ವತ್ತು. ಆಕೆ ಅದನ್ನು ಹಿಡಿದಳು, ಹಿಡಿದಿಟ್ಟಳು, ಯಾರಿಗೂ ದಾಟಿಸಲಾಗಲಿಲ್ಲ. ನೆಫೆರೂರೆ ರಾಜಳಾಗಲಿಲ್ಲ. (ಈ "ರಾಜಳು" ಎಂಬ ಪದ ಬರೆಯುವಾಗ ನನ್ನ ಕೈಯೂ ತಡೆಯಿತು.)

ಗುಡಿಯ ಪದವಿ ಮಾತ್ರ, ಹಲವು ಶತಮಾನ ಮಂಕಾಗಿದ್ದು, ಮತ್ತೆ ಚಿಗುರಿತು. ಕ್ರಿ.ಪೂ. 8ನೆಯ ಶತಮಾನದ ಹೊತ್ತಿಗೆ ಅಮುನ್ ದೇವರ ಹೆಂಡತಿಯರು ಥೀಬ್ಸ್ ಸೀಮೆಯ ಒಡತಿಯರಂತೆ ಇದ್ದರು. ರಾಜರ ಹಾಗೆ ಅವರ ಹೆಸರನ್ನೂ ಉಂಗುರರೇಖೆಯೊಳಗೆ ಬರೆಯುತ್ತಿದ್ದರು. ಗಂಡ, ಮಕ್ಕಳ ದಾಖಲೆ ಇಲ್ಲ. ಪದವಿ ದಾಟುತ್ತಿದ್ದದ್ದು ದತ್ತುವಿನಿಂದ, ಹೆಣ್ಣಿನಿಂದ ಹೆಣ್ಣಿಗೆ. ಕ್ರಿ.ಪೂ. 656ರಲ್ಲಿ ಉತ್ತರದ ಹೊಸ ದೊರೆ ಪ್ಸಾಮ್ಟಿಕ್ ತನ್ನ ಮಗಳು ನಿಟೋಕ್ರಿಸ್‌ಳನ್ನು ದೋಣಿಗಳ ಸಾಲಿನೊಂದಿಗೆ ನೈಲ್ ನದಿಯಲ್ಲಿ ದಕ್ಷಿಣಕ್ಕೆ ಕಳಿಸಿದ. 16 ದಿನದ ಪ್ರಯಾಣ. ಥೀಬ್ಸ್‌ನಲ್ಲಿ ಹಿಂದಿನ ನೂಬಿಯಾ ರಾಜವಂಶದ ಹೆಣ್ಣು ಶೆಪೆನ್‌ವೆಪೆತ್ ಪದವಿಯಲ್ಲಿದ್ದಳು. ಗೆದ್ದ ದೊರೆಗೆ ಆಕೆಯನ್ನು ಎಬ್ಬಿಸುವುದು ಕಷ್ಟವಿರಲಿಲ್ಲ. ಆದರೆ ಇದ್ದವಳನ್ನು ಜಾಗದಿಂದ ತಳ್ಳುವಂಥ ಮಾಡಬಾರದ ಕೆಲಸ ಮಾಡಲಾರೆ ಎಂದು ಶಾಸನದಲ್ಲೇ ಹೇಳಿ, ಮಗಳನ್ನು ಆಕೆಗೆ ದತ್ತು ಕೊಟ್ಟ. ಉತ್ತರದಲ್ಲಿ ಕುಳಿತ ರಾಜರಿಗೆ ದೂರದ ಥೀಬ್ಸನ್ನು ಕೈಯಲ್ಲಿಟ್ಟುಕೊಳ್ಳಲು ಮಗಳನ್ನು ಅಲ್ಲಿ ಕೂರಿಸುವುದು ಅನುಕೂಲವಾಗಿತ್ತು, ಅದೂ ನಿಜ. ಇಷ್ಟಾದರೂ ರಾಜವಂಶ ಬದಲಾದಾಗ ಮುರಿದದ್ದು ಗಂಡಸರ ಸಾಲು, ಹೆಂಗಸರ ಸಾಲು ಮುರಿಯಲಿಲ್ಲ.

ಆ ಸಾಲಿನ ಕೊನೆಯ ದೊಡ್ಡ ಹೆಸರು ಆಂಖ್ನೆಸ್‌ನೆಫೆರಿಬ್ರೆ. ದತ್ತಾಗಿ ಥೀಬ್ಸಿಗೆ ಬಂದದ್ದು ಕ್ರಿ.ಪೂ. 595ರಲ್ಲಿ. ಗಂಡಸರದೇ ಆಗಿದ್ದ ಅಮುನ್ ಗುಡಿಯ ಪ್ರಧಾನ ಅರ್ಚಕ ಪದವಿಯೂ ಆಕೆಯ ಕೈಗೆ ಬಂತು. 525ರಲ್ಲಿ ಪರ್ಷಿಯನ್ನರು ಈಜಿಪ್ಟನ್ನು ಗೆದ್ದುಕೊಳ್ಳುವ ತನಕ ಆಕೆ ಅಲ್ಲಿದ್ದಳು. ಆಕೆಯ ಕಲ್ಲಿನ ಶವಪೆಟ್ಟಿಗೆ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಮುಚ್ಚಳದ ಮೇಲೆ ಆಕೆಯ ರೂಪ, ಮೈತುಂಬ ಮಂತ್ರಗಳು. ಶತಮಾನಗಳ ನಂತರ ಅದೇ ಪೆಟ್ಟಿಗೆಯನ್ನು ಅಮೆನ್‌ಹೋತೆಪ್ ಎಂಬ ಒಬ್ಬ ಗಂಡಸು ತನ್ನ ಹೆಣಕ್ಕೆ ಇಟ್ಟುಕೊಂಡ. ಮಂತ್ರ ಅಳಿಸಲಿಲ್ಲ, ಹೊಸದಾಗಿ ಬರೆಸುವ ಖರ್ಚಿಗೂ ಹೋಗಲಿಲ್ಲ. ಉಳಿ ಹಿಡಿದವನಿಗೆ ಹೇಳಿ "ಅವಳ" ಎಂದಿದ್ದಲ್ಲಿ "ಅವನ" ಎಂದು ತಿದ್ದಿಸಿದ.